ಬಿಸಿಲಿಗಿಟ್ಟ ಕೂಸು

ಚೌಡಾಪುರದ ಬಿಸಿಲು ಯಾರನ್ನೂ ಕೇಳಿ ಬರುವುದಿಲ್ಲ. ಇಂಥ ಊರಿನಲ್ಲಿ ಹುಟ್ಟಿಯೂ ಕಸ್ತೂರಿಬಾಯಿಯ ಮಗಳು ಭಾಗಮ್ಮ ಎರಡು ವರ್ಷ ತುಂಬುವವರೆಗೆ ಬಿಸಿಲನ್ನೇ ಕಂಡಿರಲಿಲ್ಲ. ಸೊರಗಿದ ಕೂಸಿಗೆ ದೃಷ್ಟಿ ಬೇಗ ತಾಕುತ್ತದೆಂದು ಅತ್ತೆ ಸುಭದ್ರಾಬಾಯಿ ಅದನ್ನು ಕಿಟಕಿಯಿಲ್ಲದ ಒಳಕೋಣೆಯಲ್ಲೇ ಇರಿಸಿದ್ದಳು. ಸೊರಗಿದಷ್ಟೂ ಮರೆ ಮಾಡುವುದು, ಮರೆ ಮಾಡಿದಷ್ಟೂ ಸೊರಗುವುದು. ಎಂಥ ಬುದ್ಧಿವಂತಿಕೆ ನೋಡಿ.

ಉಣ್ಣುವುದರಲ್ಲೂ ಅಷ್ಟೇ. ಹಾಲು, ತುಪ್ಪ ಗಂಡಸರಿಗೆ. ಹೆಣ್ಣುಕೂಸಿಗೆ ನೀರು ಅಂಬಲಿ. ಎಂಬತ್ತರ ದಶಕದ ಆ ಚಳಿಗಾಲದಲ್ಲಿ ಮಗಳ ಕಾಲು ಕುಡುಗೋಲಿನಂತೆ ಬಾಗಿದ್ದು ಕಂಡಾಗ ಕಸ್ತೂರಿ ಯಾರನ್ನೂ ಕೇಳದೆ ಬಸ್ಸು ಹತ್ತಿ ಅಫಜಲಪುರದ ದವಾಖಾನೆಗೆ ಹೋದಳು.

"ಎಲುಬು ಮೆತ್ತಗಾಗ್ಯಾವ. ಡಿ ಜೀವಸತ್ವ ಕಡಿಮಿ ಅದ, ಹೊಟ್ಟಿಗೂ ಸಾಲವಲ್ದು," ಎಂದರು ಡಾಕ್ಟರು. "ಈ ಎಣ್ಣಿ ಕುಡಸ್ರಿ, ಹಾಲು ಕೊಡ್ರಿ, ದಿನಾ ಬಿಸಲಿಗಿ ಮಲಗಸ್ರಿ. ಇನ್ನ ತಡಾ ಮಾಡಿದ್ರ ಕಾಲು ಹಿಂಗೇ ಉಳದುಬಿಡ್ತಾವ."

ಅದು ಮೀನೆಣ್ಣೆ. ಲಿಂಗ ಕಟ್ಟಿದ ಮನೆಗೆ ಮೀನು ತಂದೆಯಾ ಎಂದು ಅತ್ತೆ ಸೀಸೆಯನ್ನು ತಿಪ್ಪೆಗೆಸೆದಳು. ಗಂಡ ದೌಲತರಾಯ ಎಂದಿನಂತೆ ಜಂತಿ ಎಣಿಸುತ್ತ ಕೂತ. ಕಸ್ತೂರಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಬಿಸಿಲನ್ನು ತಿಪ್ಪೆಗೆಸೆಯಲು ಅತ್ತೆಯಿಂದಲೂ ಆಗುವಂತಿರಲಿಲ್ಲ.

ಮರುದಿನದಿಂದ ಅವಳು ಬೀದಿಕಟ್ಟೆಯ ಮೇಲೆ ಕೌದಿ ಹಾಸಿ ಮಗಳನ್ನು ಬರಿಮೈಯಲ್ಲಿ ಮಲಗಿಸಿದಳು. ಎಲ್ಲರ ಎದುರೇ ಒಂದು ಲೋಟ ಹಾಲು ಬಗ್ಗಿಸಿ ಕುಡಿಸಿದಳು. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನೋಡಿದರು.

"ಕೂಸಿಗಿ ಉಣ್ಣಾಕ ಹಾಕಂಗಿಲ್ಲೇನು ಅಂತ ಮಂದಿ ಕೇಳ್ತಾರ," ಎಂದಳು ಅತ್ತೆ.

"ಕೇಳ್ಲಿ ಅಂತನೇ ಮಲಗಿಸೇನ್ರಿ."

ಅಷ್ಟರಲ್ಲಿ ಮೈದುನ ಮಲ್ಲಣ್ಣನಿಗೆ ಸಂಬಂಧ ಕೂಡಿಬಂತು. ಜಿಡಗಾದಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವ ದಿನ ಅತ್ತೆ ಮೆತ್ತಗಾದಳು. "ಇವತ್ತೊಂದಿನ ಒಳಗ ಒಯ್ಯಬೇ ಕಸ್ತೂರಿ. ಮನಿ ಮರ್ಯಾದಿ ಅದ."

"ಮರ್ಯಾದಿ ಒಳಗೇ ಇರ್ಲಿ ಬಿಡ್ರಿ ಅತ್ತಿ. ನನ್ನ ಮಗಳು ಹೊರಗ ಇರ್ತಾಳ."

ಬಂದವರಲ್ಲಿ ಮುಂದಿದ್ದವಳು ಹೆಣ್ಣಿನ ತಾಯಿ ಗುರುಬಾಯಿ. ಕಟ್ಟೆಯ ಬಳಿ ಬಂದವಳೇ ನಿಂತಳು. "ಏನಾಗ್ಯದವ್ವ ಕೂಸಿಗಿ?"

ಈ ಸಂಬಂಧ ಮುರಿದರೆ ತವರಿನ ದಾರಿಯೇ ಗತಿಯೆಂದು ಕಸ್ತೂರಿಗೆ ಗೊತ್ತಿತ್ತು. ಆದರೂ ಎದ್ದು ನಿಂತಳು.

"ಈ ಮನ್ಯಾಗ ಎರಡು ವರ್ಷ ಕತ್ತಲಿನ್ಯಾಗ ಇಟ್ಟಾರ್ರಿ, ಹೊಟ್ಟಿ ತುಂಬ ಕೊಡಲಿಲ್ಲ. ಅದಕ್ಕ ಕಾಲು ಹಿಂಗಾಗ್ಯಾವ. ನಾಳಿ ನಿಮ್ಮ ಮಗಳ ಮಕ್ಕಳೂ ಇದೇ ಮನ್ಯಾಗ ಬೆಳಿಯೋವು. ನೋಡಿ ಕೊಡ್ರಿ."

ಸುಭದ್ರಾಬಾಯಿಯ ಮುಖ ಕಪ್ಪಿಟ್ಟಿತು. "ಅಕಿ ಮಾತು ಏನು ಕೇಳ್ತೀರಿ, ಒಳಗ ಬರ್ರಿ," ಎಂದು ಬಾಗಿಲಿನಿಂದಲೇ ಕರೆದಳು.

ಗುರುಬಾಯಿ ಕದಲಲಿಲ್ಲ. ಕಟ್ಟೆಯ ಅಂಚಿಗೆ ಕೂತು ಭಾಗಮ್ಮನ ಪಾದವನ್ನು ಅಂಗೈಯಲ್ಲಿ ಹಿಡಿದಳು.

"ಒಳಗ ಏನದ ಅಂತ ಗೊತ್ತಾತ್ರಿ. ನೀವೇ ಹೊರಗ ಬರ್ರಿ, ಮೊಮ್ಮಗಳ ಬಾಜು ಕೂಡ್ರಿ. ಈಕಿ ತನ್ನ ಕಾಲಿಂದ ನಡದ ಮ್ಯಾಲ ಲಗ್ನದ ಮಾತಾಡೂಣು."

ಸುಭದ್ರಾಬಾಯಿ ಹೊಸಿಲು ದಾಟಿ ಬಂದಳು. ಕಸ್ತೂರಿ ಮಾತ್ರ ಅತ್ತೆಗೆಂದು ಕೌದಿ ಸರಿಸಲಿಲ್ಲ. ಬಿಸಿಲು ಬೇಕಾದಷ್ಟಿದೆ, ಎಲ್ಲಿ ಬೇಕಾದರೂ ಕೂರಲಿ.