ಕೆಂಪಾಗದ ಸಾಲು

ಪುನ್ನೈತುರೈ ಮೀನುಗಾರರ ಸಂಘದ ಕಚೇರಿಯಲ್ಲಿ ಆ ಗಂಟೆಯ ಸದ್ದೆಂದರೆ ಯಾರಿಗೂ ಆಗುತ್ತಿರಲಿಲ್ಲ. ಕಡಲಿಗಿಳಿದ ದೋಣಿ ಹೇಳಿದ ಹೊತ್ತಿಗೆ ಮರಳದಿದ್ದರೆ ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಅದರ ಸಾಲು ಕೆಂಪಾಗಿ ಗಂಟೆ ಬಾರಿಸತೊಡಗುತ್ತಿತ್ತು. ಗುಮಾಸ್ತೆ ಡೆಲ್ಫಿನ್ ಎದ್ದು ಬಂದು ನಿಲ್ಲಿಸಿದರಷ್ಟೇ ನಿಲ್ಲುತ್ತಿತ್ತು. ಹೆಚ್ಚಿನ ಸಲ ದೋಣಿಯವರು ಇನ್ನಾವುದೋ ತೀರದಲ್ಲಿ ಮೀನು ಇಳಿಸಿ, ಮರಗೆಣಸು ಮೀನುಸಾರು ಉಂಡು, ಬಲೆಯ ಮೇಲೆ ಗೊರಕೆ ಹೊಡೆಯುತ್ತಿರುತ್ತಿದ್ದರು.

ಆ ಹಾಳೆಯನ್ನು ಕಟ್ಟಿಕೊಟ್ಟವರು ಅಮಲನ್ ಮಾಸ್ತರು. ಅವರ ಅಣ್ಣ ಕಡಲಲ್ಲಿ ಬಿರುಗಾಳಿಗೆ ಸಿಕ್ಕಿ ಸತ್ತಾಗ, ಅವನು ಬಂದಿಲ್ಲವೆಂಬುದೇ ಊರಿಗೆ ತಡವಾಗಿ ತಿಳಿದಿತ್ತು. ಹಾಗೆ ಇನ್ನೊಬ್ಬರಿಗೆ ಆಗಬಾರದೆಂದು ಮಾಸ್ತರು ರಜೆಯನ್ನೆಲ್ಲ ಅದಕ್ಕೇ ಸುರಿದಿದ್ದರು. ಈಗ ಮಾಸ್ತರೂ ಇರಲಿಲ್ಲ.

ಸಂಘಕ್ಕೆ ಎಡಿಸನ್ ಎಂಬ ಹೊಸ ಕಾರ್ಯದರ್ಶಿ ಬಂದ. ಚುರುಕಿನ ಮನುಷ್ಯ, ಮಾತೂ ಚುರುಕು. ಅಕ್ಕಪಕ್ಕದ ತೀರದವರೆಲ್ಲ ತಮ್ಮ ಫೋನಿನಲ್ಲೇ ತೆರೆದು ದೋಣಿಗಳ ವಿವರ ತುಂಬುವಂತೆ ಹಾಳೆಯ ಒಂದು ಪ್ರತಿಯನ್ನು ಹಂಚಬೇಕೆಂದು ಅವನ ಆಸೆ.

“ಅಕ್ಕಾ, ತೆರೆದ ಕೂಡ್ಲೇ ಮೇಲ್ಗಡೆ ಹಳದಿ ಪಟ್ಟಿ ಬರತ್ತೆ ನೋಡಿ. ‘ಇದ್ರಲ್ಲಿ ಮ್ಯಾಕ್ರೋಗಳಿವೆ, ಅಪಾಯ ಇರಬಹುದು’ ಅಂತ. ನಮ್ ಜನ ವೈರಸ್ಸು ಬಂತು ಅಂತ ಫೋನನ್ನೇ ಕಡಲಿಗೆ ಎಸೀತಾರೆ. ಅದನ್ನ ಆಫ್ ಮಾಡಿ ಕಳ್ಸಿ.”

“ಮ್ಯಾಕ್ರೋ ಅಂದ್ರೆ ಏನಪ್ಪಾ?”

“ಯಾರೂ ಮುಟ್ಟದೇನೇ ಹಾಳೆ ತಾನಾಗಿ ಮಾಡೋ ಕೆಲಸ. ಆ ದರಿದ್ರ ಗಂಟೆ ಇದೆಯಲ್ಲ, ಅಂಥದ್ದು.”

“ಮಾಸ್ತರ ಗಂಟೆ ಕಣೋ ಅದು.”

“ಮಾಸ್ತರು ಸ್ವರ್ಗದಲ್ಲಿ ನೆಮ್ಮದಿಯಾಗಿದಾರೆ. ನಮ್ ಕಿವಿಗೂ ಸ್ವಲ್ಪ ನೆಮ್ಮದಿ ಸಿಗ್ಲಿ ಬಿಡಿ!”

ಡೆಲ್ಫಿನ್ ನಕ್ಕಳು. ಅವಳಿಗೂ ಆ ಸದ್ದು ಸಾಕಾಗಿತ್ತು. ಪ್ರತಿ ಮಾಡಿದಳು, ಮ್ಯಾಕ್ರೋಗಳನ್ನು ತಡೆದಳು, ಎಲ್ಲರಿಗೂ ಕಳಿಸಿದಳು. ಅಂದಿನಿಂದ ಕಚೇರಿಯೂ ಅದನ್ನೇ ಬಳಸತೊಡಗಿತು. ತೀರದವರಿಗೆ ಅದು ಬಲು ಹಿಡಿಸಿ, ಅವರು ತಮ್ಮ ನೆಂಟರ ತೀರಗಳಿಗೂ ದಾಟಿಸಿದರು. ಕಚೇರಿಯಲ್ಲಿ ಈಗ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಗಾಳಿ ದಿಕ್ಕು ಬದಲಿಸಿ ಕಡಲು ಮಂಕಾದ ಒಂದು ಮಧ್ಯಾಹ್ನ, ಮೀನು ಮಾರುವ ಪುನಿತಾ ಬಾಗಿಲಲ್ಲಿ ನಿಂತಳು. ಅವಳ ಗಂಡ ಜಸ್ಟಸ್ ‘ಸ್ಟೆಲ್ಲಾ’ ದೋಣಿಯಲ್ಲಿ ಕಡಲಿಗೆ ಹೋಗಿದ್ದ.

“ಅಕ್ಕಾ, ನಮ್ಮೋರ ದೋಣಿ ಕೆಂಪಾಗಿದೆಯಾ?”

ಡೆಲ್ಫಿನ್ ಪರದೆಯತ್ತ ಕಣ್ಣು ಹಾಯಿಸಿದಳು. “ಹಾಲಿನ ಹಾಗೆ ಬೆಳ್ಳಗಿದೆ ಕಣೇ. ನಿನ್ ಗಂಡ ಎಲ್ಲೋ ಕುಡಿದು ಬಿದ್ದಿರ್ತಾನೆ. ಬಂದ್ಮೇಲೆ ಪೊರಕೆ ತಗೊ.”

ಪುನಿತಾ ನಗುತ್ತಾ ಹೋದಳು. ಮರುದಿನ ಮತ್ತೆ ಬಂದಳು. ಈ ಸಲ ನಗಲಿಲ್ಲ.

“ಫೋನ್ ಹತ್ತುತ್ತಾ ಇಲ್ಲ ಅಕ್ಕಾ. ಇನ್ನೊಂದ್ಸಲ ಸರಿಯಾಗಿ ನೋಡ್ತೀರಾ?”

“ಬೆಳ್ಳಗೇ ಇದೆಯಲ್ಲೇ! ಹಾಳೆ ಸುಳ್ಳು ಹೇಳತ್ತಾ? ಹೋಗು, ಊಟ ಮಾಡು.”

ಅವಳು ಹೋದ ಮೇಲೆ ಡೆಲ್ಫಿನ್ ಸುಮ್ಮನೆ ಆ ಸಾಲಿನ ಮೇಲೆ ಬೆರಳಾಡಿಸಿದಳು. ಮರಳಬೇಕಾದ ದಿನ: ನಿನ್ನೆ. ಮರಳಿದ ದಿನ: ಖಾಲಿ. ಬಣ್ಣ: ಬಿಳಿ.

ಗಂಟೆಯ ಜೊತೆ ಬಣ್ಣವನ್ನೂ ತಾನೇ ಕಟ್ಟಿಹಾಕಿದ್ದೇನೆ ಎಂಬುದು ಅವಳಿಗೆ ಆಗ ಹೊಳೆಯಿತು. ಇಷ್ಟು ದಿನ ತಾನು ಕಂಡ ಬಿಳುಪಿಗೆ ಯಾವ ಅರ್ಥವೂ ಇರಲಿಲ್ಲ. ಅಂದು ಮ್ಯಾಕ್ರೋಗಳನ್ನು ತಡೆದಿದ್ದ ಜಾಗವನ್ನೇ ಮತ್ತೆ ತೆರೆದಳು; ಅಲ್ಲಿ ‘ಅನುಮತಿಸಿ’ ಎಂದಿತ್ತು. ಒತ್ತಿದಳು.

ಸ್ಟೆಲ್ಲಾದ ಸಾಲು ಕೆಂಪಾಯಿತು. ಗಂಟೆ ಬಾರಿಸತೊಡಗಿತು. ನಿಲ್ಲಿಸಲು ಕೈ ಚಾಚಿದವಳು ಹಾಗೇ ನಿಂತಳು. ಕೆಳಗೆ ಇನ್ನೊಂದು ಸಾಲು ಕೆಂಪಾಗುತ್ತಿತ್ತು.

ಕುರುಸ್ ತಾತನದು. ಹೆಂಡತಿ ಸತ್ತು, ಮಕ್ಕಳಿಲ್ಲದೆ, ಪುಟ್ಟ ದೋಣಿಯಲ್ಲಿ ಒಬ್ಬನೇ ಹೋಗಿ ಒಬ್ಬನೇ ಬರುತ್ತಿದ್ದ ಮುದುಕ. ಸ್ಟೆಲ್ಲಾಗಿಂತ ಎಷ್ಟೋ ಮೊದಲೇ ಅವನು ಮರಳಬೇಕಿತ್ತು. ಅವನಿಗಾಗಿ ಬಾಗಿಲಿಗೆ ಬಂದು ಕೇಳುವವರು ಯಾರೂ ಇರಲಿಲ್ಲ.

ಡೆಲ್ಫಿನ್ ಬರಿಗಾಲಲ್ಲಿ ಮರಳಿನ ಮೇಲೆ ಓಡಿದಳು. ಪಾದ್ರಿಗಳು ಚರ್ಚಿನ ಮೈಕಿನಲ್ಲಿ ಕೂಗಿದರು. ಎಡಿಸನ್ ಕರಾವಳಿ ಕಾವಲು ಪಡೆಗೆ ಫೋನು ಮಾಡುತ್ತಲೇ ಲುಂಗಿ ಮೇಲೆತ್ತಿ ಕಟ್ಟಿಕೊಂಡು, ತಾನೇ ಮೊದಲ ದೋಣಿಗೆ ಹತ್ತಿದ.

ಸ್ಟೆಲ್ಲಾ ಸಿಕ್ಕಿತು. ಎಂಜಿನ್ ಕೆಟ್ಟು ಆಳದತ್ತ ತೇಲಿ ಹೋಗುತ್ತಿತ್ತು. ತುಟಿ ಒಡೆದು, ನಾಲಗೆ ಊದಿ, ಆದರೂ ಎಲ್ಲರೂ ಜೀವಂತವಾಗಿದ್ದರು. ಕುರುಸ್ ತಾತನ ದೋಣಿಯೂ ಸಿಕ್ಕಿತು. ಬಲೆ ಅರ್ಧ ಎಳೆದ ಹಾಗೇ ಇತ್ತು. ಬುತ್ತಿ ಹಲಗೆಗೆ ಕಟ್ಟಿದ ಹಾಗೇ ಇತ್ತು. ತಾತ ಇರಲಿಲ್ಲ.

ಚರ್ಚಿನಲ್ಲಿ ತಾತನಿಗಾಗಿ ಪ್ರಾರ್ಥನೆ ಮುಗಿದ ಸಂಜೆ ಎಡಿಸನ್ ಕಚೇರಿಯ ಮೆಟ್ಟಿಲ ಮೇಲೆ ಅವಳ ಪಕ್ಕ ಕುಳಿತ.

“ಗಂಟೆ ಬಾರಿಸಿದ್ರೂ ತಾತ ಸಿಗ್ತಿದ್ರೋ ಇಲ್ವೋ ಅಕ್ಕಾ.”

“ಸಿಗ್ತಿರ್ಲಿಲ್ವೇನೋ. ಆದ್ರೆ ಹುಡುಕ್ತಿದ್ವಿ.”

ಅವನು ತಲೆ ತಗ್ಗಿಸಿದ. ಡೆಲ್ಫಿನ್ ಕೇಳಿದಳು, “ಆ ಪ್ರತಿ ಎಲ್ಲೆಲ್ಲಿಗೆ ಹೋಗಿದೆ?”

“ನಾವು ಕಳ್ಸಿದ್ದು ಗೊತ್ತು. ಅವ್ರು ಯಾರ್ಯಾರಿಗೆ ಕೊಟ್ರೋ…”

ಅವಳು ಎದ್ದು ಒಳಗೆ ಹೋಗಿ ಒಂದೊಂದೇ ತೀರಕ್ಕೆ ಫೋನು ಮಾಡತೊಡಗಿದಳು. ಕೆಲವರು ಬೆಚ್ಚಿಬಿದ್ದು ಆಗಲೇ ಸರಿಪಡಿಸಿದರು. ಕೆಲವರು ಇನ್ನೊಂದು ತೀರದ ಹೆಸರು ಹೇಳಿದರು, ಅವರು ಮತ್ತೊಂದರದು. ಕತ್ತಲಾಗುವ ಹೊತ್ತಿಗೆ, ಅವಳು ಎಂದೂ ಕಂಡಿರದ ದೂರದ ಊರೊಂದರಲ್ಲಿ ಯಾರೋ ಗಂಡಸು ಫೋನೆತ್ತಿದ. ಅವನ ಹಿಂದೆ ಗಾಳಿ ಊಳಿಡುತ್ತಿತ್ತು.

“ಓ, ಆ ಹಾಳೆಯಾ? ಬಂಗಾರದಂಥ ಹಾಳೆ ತಾಯಿ! ನಮ್ಮಲ್ಲಿ ದೇವರ ದಯೆ, ಇವತ್ತಿನವರೆಗೂ ಒಂದು ಸಾಲೂ ಕೆಂಪಾಗಿಲ್ಲ.”

“ಅಣ್ಣಾ, ಹಾಳೆ ನೋಡ್ಬೇಡಿ,” ಎಂದಳು ಡೆಲ್ಫಿನ್. “ಕೆಳಗೆ ತೀರಕ್ಕಿಳಿದು ದೋಣಿಗಳನ್ನ ಎಣಿಸಿ. ಈಗ್ಲೇ. ನಾನು ಫೋನ್ ಇಡಲ್ಲ.”

“ಏನಮ್ಮಾ, ಈ ಗಾಳಿಯಲ್ಲಾ?” ಎಂದು ಗೊಣಗುತ್ತಾ ಅವನು ಹೊರಟ. ಚಪ್ಪಲಿಯ ಸದ್ದು ಮರಳಿಗಿಳಿದು ಅಡಗಿತು. ಆಮೇಲೆ ಅಲೆಗಳ ಸದ್ದು. ಡೆಲ್ಫಿನ್ ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾಯುತ್ತಾ ನಿಂತಳು. ಅವನು ಎಣಿಸುವುದು ಕೇಳುತ್ತಿತ್ತು. ನಡುವೆ ಒಮ್ಮೆ ನಿಲ್ಲಿಸಿ, ಮೊದಲಿಂದ ಮತ್ತೆ ಎಣಿಸತೊಡಗಿದ.