ಕಪ್ತಾನನ ಊಟಕ್ಕೆ ತಂದ ಗೌನು

ಹಡಗಿನಲ್ಲಿ ರಾತ್ರಿ ಊಟಕ್ಕೆ ಎಂತ ಉಡುದು ಅಂತ ನಮ್ಮ ಊರು ಆಲೆಟ್ಟಿಯಲ್ಲಿ ಯಾರತ್ರ ಕೇಳುದು, ನೀವೇ ಹೇಳಿ. ಮದುವೆ ಊಟಕ್ಕೆ ಎಂತ ಉಡಬೇಕು, ಸತ್ತವರ ಬೊಜ್ಜದ ಊಟಕ್ಕೆ ಎಂತ ಉಡಬೇಕು ಅಂತ ಕೇಳಿದ್ರೆ ನಮ್ಮ ಅತ್ತೆ ನಿದ್ದೆಯಿಂದ ಎಬ್ಬಿಸಿದ್ರೂ ಹೇಳಿಯಾರು. ಹಡಗಿನದ್ದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬಾಯಿ ಮುಚ್ಚಿಕೊಂಡು ಕೂರುವ ಜನವೂ ನಮ್ಮವರಲ್ಲ.

ನನ್ನ ಗಂಡ ಚೆನ್ನಕೇಶವ ಹಡಗಿನಲ್ಲಿ ಇಂಜಿನಿಯರು. ಸಿಮೆಂಟು, ಕಬ್ಬಿಣ ಹೊರುವ ಹಡಗಲ್ಲ. ದುಡ್ಡಿದ್ದ ಬಿಳಿಯರು ಗಮ್ಮತ್ತು ಮಾಡ್ಲಿಕ್ಕೆ ಹತ್ತುವ ಹಡಗು. ಮದುವೆಯಾಗಿ ಮೂರು ವರ್ಷ ಆಗಿತ್ತು. ನಾವಿಬ್ಬರು ಒಟ್ಟಿಗೆ ಇದ್ದದ್ದು ಎಲ್ಲ ಸೇರಿಸಿದ್ರೂ ಒಂದು ಮಳೆಗಾಲದಷ್ಟು ಆಗ್ಲಿಕ್ಕಿಲ್ಲ. ನನಗೆ ಅವರಿಗಿಂತ ಅವರ ಫೋಟೋದ ಗುರ್ತವೇ ಹೆಚ್ಚು. ಎಪ್ಪತ್ತೊಂಬತ್ತರಲ್ಲಿ ಕಂಪೆನಿಯವರು, ಇಂಜಿನಿಯರುಗಳ ಹೆಂಡತಿಯರು ಕೆಲವು ತಿಂಗಳು ಹಡಗಿನಲ್ಲಿ ಬಂದು ಇರಬಹುದು ಅಂದ್ರು. ಇವರು ಕೂಡ್ಲೇ ಬರೆದ್ರು, ಹೊರಟು ಬಾ ಅಂತ.

ಹೊರಡುದು ಅಷ್ಟು ಸುಲಭವಾ ಮಾರಾಯ್ರೆ! ನಮ್ಮ ಮನೆಯಲ್ಲಿ ಮಾತು ನಡೆಯುವುದು ದೊಡ್ಡ ಮಾವನದ್ದು. ಮೇದಪ್ಪ ಗೌಡರು, ನನ್ನ ಮಾವನ ಅಣ್ಣ. ನನ್ನ ಮಾವ ತೀರಿಹೋದ ಮೇಲೆ ಅತ್ತೆ ದುಗ್ಗಮ್ಮ ಅವರ ಎದುರು ಬಾಯಿ ತೆರೆದದ್ದನ್ನು ನಾನು ನೋಡಿಲ್ಲ. ಬೇಡ ಅಂದ್ರು ದೊಡ್ಡ ಮಾವ. ಇವರು ಅಲ್ಲಿಂದ ಬರೆದು ಬರೆದು, ನಾನು ಇಲ್ಲಿ ಮುಖ ಊದಿಸಿ ಊದಿಸಿ, ಕೊನೆಗೂ ಒಂದು ದಿನ ದೊಡ್ಡ ಮಾವ ಜಗಲಿಯಲ್ಲಿ ಕೂತು ಅಪ್ಪಣೆ ಕೊಟ್ರು.

"ಹೋಗ್ಲಿ. ಆದ್ರೆ ಈ ಮನೆ ಸೊಸೆ ಹೇಗೆ ಹೋದಳೋ ಹಾಗೇ ಬರಬೇಕು. ಹೊರಗಿನ ಗಂಡಸರ ಎದುರು ಮೈ ತೋರಿಸಿಕೊಂಡು ಕೂರುವ ಏರ್ಪಾಡು ಅಲ್ಲಿ ಉಂಟು ಅಂತ ಗೊತ್ತಾದ್ರೆ, ಮೆಟ್ಟಿಲು ಇಳೀಲಿಕ್ಕೆ ಬಿಡುದಿಲ್ಲ."

ಇಲ್ಲ ಮಾವ, ಹಾಗೆಂತ ಇಲ್ಲ ಅಂದೆ. ನನಗೆ ಆಗ ನಿಜವಾಗಿಯೂ ಗೊತ್ತಿರ್ಲಿಲ್ಲ.

ನಾನು ಹೊರಡುವ ವಾರವೇ ಈಶ್ವರಮಂಗಲದ ಸಲಾಂ ಬಂದ. ಅದೇ ಹಡಗಿನ ಅಡಿಗೆಮನೆಯಲ್ಲಿ ಇದ್ದವ, ರಜೆಯಲ್ಲಿ ಊರಿಗೆ ಬಂದಿದ್ದ. ಇವರು ಕಳಿಸಿದ ಒಂದು ಪೊಟ್ಟಣ ನನ್ನ ಕೈಗೆ ಕೊಟ್ಟು, ಆಚೆ ಈಚೆ ನೋಡಿ ಸಣ್ಣ ದನಿಯಲ್ಲಿ ಹೇಳಿದ.

"ಅಕ್ಕಾ, ವಾರಕ್ಕೊಮ್ಮೆ ಕಪ್ತಾನರ ಊಟ ಅಂತ ಉಂಟು. ಆ ದಿನ ಗಂಡಸರಿಗೆ ಕರಿ ಕೋಟು, ಹೆಂಗಸರಿಗೆ ನೆಲ ಮುಟ್ಟುವ ಗೌನು. ನೆಟ್ಟಗೆ ಹಾಕಿಕೊಂಡು ಬಾರದವರನ್ನು ಬಾಗಿಲಲ್ಲೇ ವಾಪಸು ಕಳಿಸ್ತಾರೆ."

"ಸೀರೆ ಉಟ್ರೆ ಆಗುದಿಲ್ವಾ?"

"ರೇಷ್ಮೆಯ ಪಟ್ಟೆ ಸೀರೆ ಆದ್ರೆ ಯಾರೂ ಎಂತದೂ ಹೇಳ್ಲಿಕ್ಕಿಲ್ಲ. ಆದ್ರೆ ಅಣ್ಣನಿಗೆ ನೀವು ಇದನ್ನೇ ಹಾಕ್ಬೇಕು ಅಂತ ಆಸೆ. ಅಂಗಡಿಯಲ್ಲಿ ನನ್ನನ್ನೂ ನಿಲ್ಲಿಸಿಕೊಂಡು ಎಷ್ಟು ಹೊತ್ತು ಹುಡುಕಿದ್ರು ಗೊತ್ತುಂಟಾ?"

ಕೋಣೆಯ ಚಿಲಕ ಹಾಕಿ ಬಿಚ್ಚಿ ನೋಡಿದೆ. ನವಿಲು ನೀಲಿ ಬಣ್ಣ. ಕೈ ಇಲ್ಲ. ಹಿಂದುಗಡೆ ಅರ್ಧ ಬೆನ್ನಿನವರೆಗೆ ಬಟ್ಟೆಯೇ ಇಲ್ಲ! ಈ ಮನುಷ್ಯನಿಗೆ ತಲೆ ಸಮ ಉಂಟಾ ಅಂತ ಪಿತ್ತ ನೆತ್ತಿಗೇರಿತು. ಬೈದುಕೊಂಡೇ ಹಾಕಿ ನೋಡಿದೆ. ಕಪಾಟಿನ ಕನ್ನಡಿಯಲ್ಲಿ ಕಂಡವಳನ್ನು ನೋಡಿದ ಮೇಲೆ ಬೈಗುಳ ನಿಂತಿತು. ನನಗೆ ಅದು ಬೇಕು ಅಂತ ಆಯ್ತು. ಯಾಕೆ ಸುಳ್ಳು ಹೇಳ್ಲಿ? ಅದನ್ನು ಹಾಕಿಕೊಂಡು ಅವರ ಪಕ್ಕದಲ್ಲಿ ಕೂತು ಊಟ ಮಾಡಬೇಕು ಅಂತ ತುಂಬಾ ಆಸೆಯಾಯ್ತು. ಮಡಚಿ ಪೆಟ್ಟಿಗೆಯ ಅಡಿಗೆ ಹಾಕಿ, ಮೇಲೆ ಸೀರೆಗಳನ್ನು ಪೇರಿಸಿದೆ.

ನಮ್ಮ ಮನೆಯ ಒಂದು ಕ್ರಮ ಹೇಳಬೇಕು. ಯಾರಾದ್ರೂ ದೂರ ಹೊರಟ್ರೆ ಮುನ್ನಾ ದಿನ ಸಂಜೆ ತೀರಿಹೋದವರಿಗೆ ಬಡಿಸ್ಲಿಕ್ಕೆ ಉಂಟು. ಒಳಗಿನ ಕೋಣೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಎಲೆ, ಎಲೆಯ ಮುಂದೆ ಅವರವರಿಗೆ ಹೊಸ ಬಟ್ಟೆ. ಬಡಿಸಿ ಬಾಗಿಲು ಎಳೆದು ನಾವೆಲ್ಲ ಹೊರಗೆ ಕಾಯುದು. ಆಮೇಲೆ ಆ ಬಟ್ಟೆಯನ್ನು ಮನೆಯವರೇ ಉಟ್ಟು, ಆ ಎಲೆಗೇ ಕೂತು ಉಣ್ಣಬೇಕು. ಆ ಒಂದು ದಿನ ಗಂಡಸರು ಹೆಂಗಸರು ಒಂದೇ ಸಾಲು. ಅತ್ತೆ ಕೈ ಮುಗಿದು "ಆಯ್ತು" ಅನ್ನುವವರೆಗೆ, ಅವರ ಅಪ್ಪಣೆ ಇಲ್ಲದೆ ಯಾರೂ ಎಲೆಯಿಂದ ಏಳ್ಲಿಕ್ಕೆ ಇಲ್ಲ. ಎದ್ರೆ ತೀರಿಹೋದವರನ್ನು ಊಟದಿಂದ ಎಬ್ಬಿಸಿದ ಹಾಗೆ.

ಮಾವನಿಗೆ ಪಂಚೆ, ಅಜ್ಜಿಗೆ ಸೀರೆ. ಇನ್ನೊಂದು ಎಲೆ ಕಮಲಾವತಿಗೆ. ನನ್ನ ಗಂಡನ ತಂಗಿ. ಮದುವೆಯಾಗುವ ಮುಂಚೆಯೇ ಜ್ವರದಲ್ಲಿ ಹೋದವಳು, ನಾನು ನೋಡಿದವಳಲ್ಲ. ಅವಳಿಗೆ ಇಡುವ ಬಟ್ಟೆಯನ್ನು ಇವರೇ ಹೊರದೇಶದಿಂದ ಕಳಿಸುದು, ಒಂದು ಸಲ ಲಂಗದ ತುಂಡು, ಇನ್ನೊಂದು ಸಲ ರೇಷ್ಮೆ ಶಾಲು. ಕನ್ಯೆಗೆ ಇಟ್ಟದ್ದು ಅಂತ ಅದು ಮನೆಯ ಮದುವೆಯಾಗದ ಹುಡುಗಿಗೆ ಸಲ್ಲುತ್ತದೆ. ಆಗ ಇದ್ದದ್ದು ದೊಡ್ಡ ಮಾವನ ಮೊಮ್ಮಗಳು ಸೀತು, ಕಾಲೇಜಿಗೆ ಹೋಗುವವಳು.

ಆ ದಿನ ಮಧ್ಯಾಹ್ನ ನಾನು ಹಿತ್ತಿಲಲ್ಲಿ ಕೋಳಿಯ ಪುಕ್ಕ ತೆಗೀತಾ ಇದ್ದೆ. ಅತ್ತೆ ಮಗನಿಗೆ ಅಂತ ಮಾಡಿದ ಮಿಡಿ ಉಪ್ಪಿನಕಾಯಿಯ ಭರಣಿ ಇಡ್ಲಿಕ್ಕೆ ನನ್ನ ಪೆಟ್ಟಿಗೆ ತೆರೆದಿದ್ದಾರೆ. ಎಣ್ಣೆ ಸೋರಿದ್ರೆ ಸೀರೆ ಹಾಳಾಗ್ತದೆ ಅಂತ ಭರಣಿಯನ್ನು ಅಡಿಗೆ ಇಡ್ಲಿಕ್ಕೆ ಹೋಗಿದ್ದಾರೆ. ನಾನು ಕೈ ತೊಳೆದು ಒಳಗೆ ಬರುವಾಗ ಗೌನು ಅವರ ಮಡಿಲಲ್ಲಿ ಇತ್ತು.

ಅತ್ತೆ ತಲೆ ಎತ್ತಿದ್ರು. ಕಣ್ಣು ತುಂಬಿತ್ತು.

"ಕಮಲಾವತಿಗೆ ಕಳಿಸಿದ್ದಾನಾ? ಈ ಸಲ ಮರೆತ ಅಂತ ಗ್ರಹಿಸಿದ್ದೆ. ಇಷ್ಟು ಚಂದದ ಲಂಗ! ನೀನು ಒಂದು ಮಾತು ಹೇಳ್ಲಿಲ್ಲ ಅಲ್ಲ, ಮಾರಾಯ್ತಿ."

ಮಡಚಿದ್ದು ಮಡಚಿದ ಹಾಗೇ ಇತ್ತು. ಬೆನ್ನು ಅವರಿಗೆ ಕಂಡಿರ್ಲಿಲ್ಲ. ನಾನು ಬಾಯಿ ತೆರೆದೆ. ಎಂತ ಹೇಳುದು? ಅಲ್ಲ ಅತ್ತೆ, ಅದು ನನ್ನದು ಅಂದ್ರೆ ಸಂಜೆಯೊಳಗೆ ದೊಡ್ಡ ಮಾವನ ಕಿವಿಗೆ ಹೋಗ್ತದೆ, ನನ್ನ ಪೆಟ್ಟಿಗೆ ವಾಪಸು ಅಟ್ಟಕ್ಕೆ ಹೋಗ್ತದೆ. ಹಾಳಾಗಿ ಹೋಗ್ಲಿ ಗೌನು, ಪಟ್ಟೆ ಸೀರೆ ಉಂಟಲ್ಲ ಅಂತ ನುಂಗಿಕೊಂಡೆ.

ಸಂಜೆ ದೀಪ ಹಚ್ಚಿ ಎಲೆ ಹಾಕಿ ಆಯ್ತು. ಅಕ್ಕಿ ರೊಟ್ಟಿ, ಕೋಳಿ ಸಾರು, ಮಾವನ ಎಲೆಯ ಹತ್ತಿರ ಒಂದು ಗ್ಲಾಸು ಕಳ್ಳು. ಕಮಲಾವತಿಯ ಎಲೆಯ ಮುಂದೆ ಮಣೆಯ ಮೇಲೆ ಆ ನೀಲಿ ಬಟ್ಟೆ. ದೊಡ್ಡ ಮಾವ ಬಗ್ಗಿ ಬೆರಳಲ್ಲಿ ಸವರಿ ನೋಡಿದ್ರು.

"ಒಳ್ಳೆ ಬಟ್ಟೆ. ದೂರ ಹೋದ್ರೂ ತಂಗಿಯನ್ನು ಮರೀಲಿಲ್ಲ, ಒಳ್ಳೇ ಹುಡುಗ."

ಬಾಗಿಲು ಎಳೆದು ಎಲ್ಲರೂ ಹೊರಗೆ ನಿಂತೆವು. ಆ ಹೊತ್ತು ಯಾರೂ ಮಾತಾಡ್ಲಿಕ್ಕಿಲ್ಲ. ನನಗೆ ಬೆವರು. ಸತ್ತವಳ ಪಾಲಿಗೆ ಅವಳಿಗೆ ಅಂತ ಕಳಿಸದ ಬಟ್ಟೆ ಇಟ್ಟಿದ್ದೇವೆ, ಅದು ಒಳಗೆ ಕೂತವಳಿಗೆ ಗೊತ್ತಾಗುದಿಲ್ವಾ ಅಂತ ಬೇರೆ ಹೆದರಿಕೆ. ಅತ್ತೆಯ ಮುಖ ನೋಡಿದ್ರೆ, ಮಗಳಿಗೆ ಮದುವೆ ಸೀರೆ ಉಡಿಸಿದವರ ಹಾಗೆ ಖುಷಿ.

ಬಾಗಿಲು ತೆರೆದ್ರು. ಸೀತುವಿನ ಕೈಗೆ ಬಟ್ಟೆ ಕೊಟ್ಟು, ಹಾಕಿಕೊಂಡು ಬಾ ಅಂದ್ರು ಅತ್ತೆ. ನಾವೆಲ್ಲ ಎಲೆಗೆ ಕೂತೆವು. ಸೀತು ಒಳಗೆ ಹೋದವಳು ಸುಮಾರು ಹೊತ್ತು ಬರ್ಲಿಲ್ಲ. ಆಮೇಲೆ ಬಂದಳು, ಅವಳದ್ದೇ ಹಳೇ ಲಂಗದಲ್ಲಿ, ಗೌನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು.

"ಅಜ್ಜಾ, ಇದಕ್ಕೆ ಬೆನ್ನೇ ಇಲ್ಲ!"

ಉದ್ದಕ್ಕೆ ಬಿಚ್ಚಿಕೊಂಡು ನೇತಾಡಿತು ಅದು, ದೀಪದ ಎದುರು. ದೊಡ್ಡ ಮಾವನ ಮುಖ ಕೆಂಪಾಯ್ತು.

"ಎಂತ ಬಟ್ಟೆ ಇದು? ಅಣ್ಣನಾದವ ತಂಗಿಗೆ, ಅದೂ ಸತ್ತು ಹೋದ ಹುಡುಗಿಗೆ, ಇಂಥದ್ದು ಕಳಿಸುದಾ? ಅವನಿಗೆ ನಾಚಿಕೆ ಮಾನ ಉಂಟಾ? ದುಗ್ಗಮ್ಮ, ನಿನ್ನ ಮಗ ಕೆಟ್ಟು ಹೋಗಿದ್ದಾನೆ. ಹಿರಿಯರ ಎಲೆಯ ಮುಂದೆ ಇದನ್ನು ಇಡಿಸಿದ!"

ಅತ್ತೆ ಸಾರಿನ ಸೌಟು ಹಿಡಿದುಕೊಂಡು ನಿಂತಿದ್ರು. ಮಧ್ಯಾಹ್ನದಿಂದ ಇದ್ದ ಆ ಖುಷಿ ಮುಖದಿಂದ ಇಳಿದು ಹೋಯ್ತು. ನನ್ನ ಮಗ ನನ್ನ ಮಗಳಿಗೆ ಹೀಗೆ ಮಾಡಿದನಾ ಅಂತ ಅವರು ನಂಬಿದ್ದು ನನಗೆ ಕಾಣ್ತಾ ಇತ್ತು. ನಾನು ಸುಮ್ಮನಿದ್ರೆ ನಾಳೆ ಬಸ್ಸು ಹತ್ತಬಹುದಿತ್ತು. ದೊಡ್ಡ ಮಾವ ಇವರನ್ನು ಬೈದು ಸುಸ್ತಾಗ್ತಿದ್ರು, ನನ್ನ ಹೆಸರೇ ಬರ್ತಿರ್ಲಿಲ್ಲ. ಆದ್ರೆ ಅಂಗಡಿಯಲ್ಲಿ ನಿಂತು ನಿಂತು ಹುಡುಕಿದ ಮನುಷ್ಯನಿಗೆ ಹೆತ್ತ ತಾಯಿಯ ಎದುರು ಈ ಕೆಟ್ಟ ಹೆಸರು ಬರಬೇಕಾ? ನನಗೆ ತಡೀಲಿಲ್ಲ.

"ಅದು ಕಮಲಾವತಿಗೆ ಕಳಿಸಿದ್ದಲ್ಲ," ಅಂದೆ. "ನನಗೆ. ಹಡಗಿನಲ್ಲಿ ಕಪ್ತಾನರ ಊಟಕ್ಕೆ ಹಾಕ್ಲಿಕ್ಕೆ. ಅವರು ಎಂತ ತಪ್ಪೂ ಮಾಡ್ಲಿಲ್ಲ. ಅತ್ತೆ ಕೇಳಿದಾಗ ಹೇಳದೆ ಇದ್ದವಳು ನಾನು."

ದೊಡ್ಡ ಮಾವ ನನ್ನ ಕಡೆ ತಿರುಗಿದ್ರು. ಬೈತಾರೆ ಅಂತ ಗ್ರಹಿಸಿದ್ದೆ. ಬೈಲಿಲ್ಲ. ತಣ್ಣಗೆ ಹೇಳಿದ್ರು, "ಹಾಗಾದ್ರೆ ಆಯ್ತು. ನೀನು ಹೋಗುದು ಬೇಡ. ನಾಳೆ ಅವನಿಗೆ ತಂತಿ ಕೊಡುವ."

ಮುಗೀತು. ನನಗೆ ಅಳು ಬರ್ಲಿಲ್ಲ, ಸಿಟ್ಟು ಬಂತು. ಎಲೆಯನ್ನು ತಳ್ಳಿ ಎದ್ದು ಹೋಗುವ ಅಂತ ಕೈ ಊರಿದೆ.

"ಕೂತ್ಕೋ," ಅಂದ್ರು ಅತ್ತೆ. ಮತ್ತೆ ಅವರೇ, "ಅಲ್ಲ, ಏಳು. ಅದನ್ನು ಹಾಕಿಕೊಂಡು ಬಾ."

"ಈಗಲಾ ಅತ್ತೆ?"

"ನನ್ನ ಮಗಳ ಎದುರು ಇಟ್ಟ ಬಟ್ಟೆ. ಯಾರಾದ್ರೂ ಉಡದೆ ಅವಳ ಎಲೆಗೆ ಕೂರ್ಲಿಕ್ಕೆ ಆಗುದಿಲ್ಲ. ರೊಟ್ಟಿ ಆರ್ತಾ ಉಂಟು. ಹೋಗು." ದನಿಯಲ್ಲಿ ಪ್ರೀತಿ ಇರ್ಲಿಲ್ಲ. ನನ್ನ ಮೇಲೆ ಅವರಿಗೆ ಕೋಪ ಇತ್ತು, ಇರಬೇಕಾದ್ದೇ.

ಹಾಕಿಕೊಂಡು ಬಂದೆ. ಸೆಗಣಿ ಸಾರಿಸಿದ ನೆಲದ ಮೇಲೆ ಆ ಗೌನನ್ನು ಎತ್ತಿ ಹಿಡಿದು ನಡೆದು, ಕಮಲಾವತಿಯ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ದೊಡ್ಡ ಮಾವ ನನ್ನಿಂದ ಒಂದು ಎಲೆ ಆಚೆ. ಏಳ್ಲಿಕ್ಕೆ ಹೊರಟ್ರು, ಆದ್ರೆ ಏಳುವ ಹಾಗಿಲ್ಲ. ಮುಖ ಗೋಡೆಗೆ ತಿರುಗಿಸಿದ್ರು.

"ದುಗ್ಗಮ್ಮ, ಆಯ್ತು ಅನ್ನು. ನಾನು ಏಳಬೇಕು."

ಅತ್ತೆ ಅನ್ಲಿಲ್ಲ. ನನ್ನ ಎಲೆಗೆ ಸಾರು ಬಡಿಸಿದ್ರು. ನನ್ನ ಹಿಂದೆ ಬಂದು ನಿಂತ್ರು. ಬರಿ ಬೆನ್ನಿನ ಮೇಲೆ ಅವರ ಕಣ್ಣು ಇರುದು ನನಗೆ ಗೊತ್ತಾಗ್ತಾ ಇತ್ತು. ಸೆರಗು ಹೊದಿಸ್ತಾರೇನೋ ಅಂತ ಕಾದೆ. ಇಲ್ಲ.

"ಭಾವ," ಅಂದ್ರು ಅವರು. ಅಷ್ಟು ವರ್ಷದಲ್ಲಿ ಅವರು ಆ ಮನುಷ್ಯನನ್ನು ನೇರ ಕರೆದದ್ದು ನಾನು ಕೇಳಿದ್ದು ಅದೇ ಮೊದಲು. "ಕಮಲಾವತಿಗೆ ಜ್ವರ ಬಂದಾಗ ಪುತ್ತೂರಿಗೆ ಕರಕೊಂಡು ಹೋಗುವ ಅಂತ ನಾನು ಕಾಲು ಹಿಡಿದೆ. ಮದುವೆಯಾಗದ ಹುಡುಗಿ, ಗಂಡಸು ಡಾಕ್ಟ್ರು ಮೈ ನೋಡುದು ಬೇಡ, ಇಲ್ಲೇ ಕಷಾಯ ಕೊಡು ಅಂದ್ರಿ. ನಾನು ಕೇಳಿದೆ."

ದೊಡ್ಡ ಮಾವ ಗೋಡೆಯನ್ನೇ ನೋಡ್ತಾ ಇದ್ರು. ಕೈ ರೊಟ್ಟಿಯ ಮೇಲೇ ಇತ್ತು.

"ನಿಮ್ಮ ಮಾತು ಕೇಳಿ ಒಬ್ಬಳನ್ನು ಈ ಎಲೆಗೆ ಕೂರಿಸಿದ್ದೇನೆ. ಈ ಸಲ ಕೇಳುದಿಲ್ಲ." ಆಮೇಲೆ ನನ್ನ ತಲೆಯ ಮೇಲಿಂದ ಬಗ್ಗಿ ಇನ್ನೊಂದು ರೊಟ್ಟಿ ಹಾಕಿದ್ರು. "ತಿನ್ನು ಶೀಲಾವತಿ. ಬೇಗ ಮಲಗಬೇಕು, ಬೆಳಿಗ್ಗೆ ಬಸ್ಸು ಉಂಟು."