ಮುಂದಿನ ಸಾಲು

ಡೊನಗಲ್‌ನ ಆ ಮನೆಯ ನಡುಕೋಣೆಯಲ್ಲಿ, ತೆರೆದ ಪೆಟ್ಟಿಗೆಯೊಳಗೆ ಕವಿ ಲೋರ್ಕಾನ್‌ನ ಹೆಣವಿತ್ತು. ಸುತ್ತ ಕೂತವರು ಚಹಾ ಕುಡಿಯುತ್ತ, ಸರದಿಯಂತೆ ಅವನ ಒಂದೊಂದು ಪದ್ಯವನ್ನು ಬಾಯಿಪಾಠ ಹೇಳುತ್ತಿದ್ದರು. ಪುಸ್ತಕ ನೋಡಿ ಓದಿದರೆ ಆ ಊರಿನಲ್ಲಿ ಅದು ಸತ್ತವನಿಗೆ ಮಾಡುವ ಅವಮಾನ.

"ಏನಪ್ಪಾ ಡಬ್ಲಿನ್ ವಿಮರ್ಶಕಾ, ನಿನ್ ನಾಲಿಗೆ ಪೇಪರ್‌ನಲ್ಲಿ ಮಾತ್ರ ಆಡೋದಾ?" ಎಂದು ಮುದುಕ ಮಾನಸ್ ಕೆಣಕಿದ.

ಫಿಯಕ್ರ ಎದ್ದು ನಿಂತ. ಅವನಿಗೆ ಪದ್ಯ ಕಟ್ಟುವುದನ್ನು ಕಲಿಸಿದವನೇ ಲೋರ್ಕಾನ್. ಗುರುವೆಂಬ ಮುಲಾಜೂ ಇಲ್ಲದವನು ಅನ್ನಿಸಿಕೊಳ್ಳುವ ಹಟಕ್ಕೆ ಬಿದ್ದು, ಗುರುವಿನ ಕೊನೆಯ ಪುಸ್ತಕವನ್ನು ಪತ್ರಿಕೆಯಲ್ಲಿ ಚಿಂದಿ ಮಾಡಿದ್ದ. ಅದರಿಂದಲೇ ದೊಡ್ಡ ವಿಮರ್ಶಕನಾದ. ಆಮೇಲೆ ಲೋರ್ಕಾನ್ ಬರೆಯಲೇ ಇಲ್ಲ. ಈಗ ಎಷ್ಟು ತಡಕಾಡಿದರೂ ನೆನಪಿಗೆ ಬಂದದ್ದು ಅಂದು ಗೇಲಿ ಮಾಡಲು ಎತ್ತಿಕೊಂಡಿದ್ದ ಎರಡು ಸಾಲು ಮಾತ್ರ. ಬೇರೆ ದಾರಿಯಿಲ್ಲದೆ ಅವನ್ನೇ ಹೇಳಿದ:

"ಅಮ್ಮ ಸತ್ತ ದಿನವೂ ಹಸು ಹಾಲು ಕೊಟ್ಟಿತು,
ಯಾರ ಮೇಲೆ ಸಿಟ್ಟಾಗಲಿ ನಾನು?"

ಯಾರೂ ನಗಲಿಲ್ಲ. ಮಾನಸ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಅದು ಅವರಿಗೆ ಬಲು ಇಷ್ಟದ್ದು ಕಣೋ," ಎಂದಳು ಲೋರ್ಕಾನ್‌ನ ಹೆಂಡತಿ ಊನಾ. "ಯಾಕ್ ನಿಲ್ಲಿಸ್ದೆ ಮಗಾ? ಮುಂದೆ ಹೇಳು."

ಮುಂದಿನದು ಫಿಯಕ್ರನಿಗೆ ಗೊತ್ತಿರಲಿಲ್ಲ. ಆ ಪದ್ಯವನ್ನು ಅವನು ಪೂರ್ತಿ ಓದಿಯೇ ಇರಲಿಲ್ಲ.